ಪ್ರಶ್ನೋತ್ತರ: ಆನ್‌ಲೈನ್ ಪ್ರೌಢಶಾಲೆಯ ಮುಖ್ಯಸ್ಥರು ಏನನ್ನು ನೋಡಬೇಕು?

ಪ್ರಶ್ನೆ: ಆನ್‌ಲೈನ್ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿ ಇದು ನನ್ನ ಮೊದಲ ವರ್ಷ. ಶಿಕ್ಷಕರ ಲಾಗಿನ್ ಸಮಯ, ಮಕ್ಕಳ ಹಾಜರಿ, ವಿಡಿಯೊ ನೋಡಿದ ನಿಮಿಷಗಳು ಎಲ್ಲವೂ ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತವೆ. ತರಗತಿಗಳ ರೆಕಾರ್ಡಿಂಗೂ ಸಿಗುತ್ತದೆ. ಆದರೂ ಮಕ್ಕಳು ಕಲಿಯುತ್ತಿದ್ದಾರೆಯೇ ಎಂಬುದು ನನಗೆ ತಿಳಿಯುತ್ತಿಲ್ಲ. ಬೋಧನೆ ವಿದ್ಯಾರ್ಥಿಕೇಂದ್ರಿತವಾಗಿರಲಿ ಎಂದು ಸುತ್ತೋಲೆ ಕಳುಹಿಸಿದೆ. ಕೆಲವು ಶಿಕ್ಷಕರು ಅದನ್ನು ‘ಮಕ್ಕಳು ತಾವೇ ಓದಿಕೊಳ್ಳಲಿ’ ಎಂದು ಅರ್ಥ ಮಾಡಿಕೊಂಡಂತಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಸುತ್ತೋಲೆಯನ್ನು ಸದ್ಯಕ್ಕೆ ಬದಿಗಿಡಿ, ಮಕ್ಕಳು ಬರೆದ ಉತ್ತರಗಳಿಂದ ಆರಂಭಿಸಿ. ಡ್ಯಾಶ್‌ಬೋರ್ಡು ಹೇಳುವುದು ಮಗು ಬಂದಿತ್ತು ಎಂಬುದನ್ನಷ್ಟೆ. ಅದು ಏನನ್ನು ಯೋಚಿಸಿತು ಎಂಬುದು ಅದರ ಬರಹದಲ್ಲಿ ಮಾತ್ರ ಸಿಗುತ್ತದೆ.

ಬೋಧನಾ ನಾಯಕತ್ವದ, ಅಂದರೆ ಬೋಧನೆ-ಕಲಿಕೆಯನ್ನೇ ಕೇಂದ್ರವಾಗಿಟ್ಟು ಶಾಲೆಯನ್ನು ಮುನ್ನಡೆಸುವುದರ ಬಗ್ಗೆ ಶಿಕ್ಷಣ ಸಂಶೋಧಕರಾದ ಹ್ಯಾಲಿಂಜರ್ ಮತ್ತು ಮರ್ಫಿ 1985ರಲ್ಲಿ ರೂಪಿಸಿದ ಚೌಕಟ್ಟು ಮುಖ್ಯಸ್ಥರ ಕೆಲಸವನ್ನು ಮೂರಾಗಿ ವಿಂಗಡಿಸುತ್ತದೆ: ಶಾಲೆಯ ಧ್ಯೇಯವನ್ನು ಸ್ಪಷ್ಟಪಡಿಸುವುದು, ಬೋಧನಾ ಕಾರ್ಯಕ್ರಮವನ್ನು ನಿರ್ವಹಿಸುವುದು, ಕಲಿಕೆಗೆ ಪೂರಕವಾದ ವಾತಾವರಣವನ್ನು ಬೆಳೆಸುವುದು. ಆನ್‌ಲೈನ್ ಶಾಲೆಗಳಲ್ಲಿ ಎರಡನೆಯದು ಉಳಿದೆರಡನ್ನೂ ನುಂಗಿಬಿಡುತ್ತದೆ, ಏಕೆಂದರೆ ನಿಗಾ ಇಡುವ ಉಪಕರಣಗಳು ಕೈಗೆ ಸುಲಭವಾಗಿ ಸಿಗುತ್ತವೆ. ಸಂಶೋಧಕಿ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಖ್ಯಸ್ಥರು ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ ಅದರಲ್ಲಿ ತಾವೂ ಪಾಲ್ಗೊಳ್ಳುವುದರ ಪರಿಣಾಮದ ಪ್ರಮಾಣ (ಮಕ್ಕಳ ಕಲಿಕೆಯ ಮೇಲಿನ ಪ್ರಭಾವದ ಅಳತೆ, ಅಂಕಿ ದೊಡ್ಡದಾದಷ್ಟೂ ಪ್ರಭಾವ ಹೆಚ್ಚು) 0.84 ಇತ್ತು, ಬೋಧನೆಯ ಯೋಜನೆ, ಸಮನ್ವಯ ಮತ್ತು ಮೌಲ್ಯಮಾಪನದ್ದು 0.42. ಇದನ್ನು ಆನ್‌ಲೈನ್ ಶಾಲೆಗೆ ಅಂಕಿಯ ಸಮೇತ ಅನ್ವಯಿಸುವುದು ಸರಿಯಲ್ಲ, ಆದರೆ ಅದು ತೋರುವ ದಿಕ್ಕು ನನ್ನ ಅನುಭವಕ್ಕೂ ಹೊಂದುತ್ತದೆ.

ಹೀಗೆ ಮಾಡಿ ನೋಡಿ. ವಾರಕ್ಕೊಮ್ಮೆ ಒಂದು ವಿಷಯದ ಶಿಕ್ಷಕರೊಡನೆ ಕುಳಿತು, ಒಂದೇ ಪ್ರಶ್ನೆಗೆ ಮೂವರು ಮಕ್ಕಳು ಬರೆದ ಉತ್ತರಗಳನ್ನು ಹೆಸರು ತೆಗೆದು ಓದಿ. ವೇಗ ಮತ್ತು ವೇಗೋತ್ಕರ್ಷದ ಪಾಠ ಎಂದಿಟ್ಟುಕೊಳ್ಳಿ: ಒಬ್ಬಳು ಸೂತ್ರವನ್ನು ಸರಿಯಾಗಿ ಬಳಸಿಯೂ, ಮೇಲಕ್ಕೆಸೆದ ಚೆಂಡು ತುದಿಯಲ್ಲಿ ಕ್ಷಣಕಾಲ ನಿಂತಾಗ ವೇಗೋತ್ಕರ್ಷ ಸೊನ್ನೆ ಎಂದು ತಪ್ಪಾಗಿ ಬರೆದಿರುತ್ತಾಳೆ. ಅವಳಿಗೆ ಎಲ್ಲಿ ಗೊಂದಲವಾಗಿದೆ, ಮುಂದಿನ ತರಗತಿಯಲ್ಲಿ ಅವಳಿಗಾಗಿ ಏನು ಬದಲಾಗಬೇಕು ಎಂಬ ಚರ್ಚೆಯೇ ವಿದ್ಯಾರ್ಥಿಕೇಂದ್ರಿತ ಬೋಧನೆಯ ಆರಂಭ. ಮಗುವನ್ನು ವಿಡಿಯೊಗಳ ಜೊತೆ ಒಂಟಿಯಾಗಿ ಬಿಡುವುದಕ್ಕೆ ಆ ಹೆಸರು ಸಲ್ಲದು. ಅಲ್ಲಿ ಕಲಿಯುವ ವೇಗ ಮಾತ್ರ ಮಗುವಿನದು, ಯೋಚನೆಗೆ ಸ್ಪಂದಿಸುವವರು ಯಾರೂ ಇರುವುದಿಲ್ಲ.

ಮರುಪ್ರಶ್ನೆ: ಹಾಗಿದ್ದರೆ ರೆಕಾರ್ಡಿಂಗ್ ನೋಡುವುದನ್ನು ಪೂರ್ತಿ ಬಿಡಬೇಕೇ?

ಉತ್ತರ: ಪೂರ್ತಿ ಬೇಡ, ಆದರೆ ಶಿಕ್ಷಕರೇ ಆರಿಸಿ ತೋರಿಸಿದ ಹತ್ತು ನಿಮಿಷವನ್ನು ಅವರ ಜೊತೆಗೇ ನೋಡಿ. ತಾನು ಯಾವಾಗ ಬೇಕಾದರೂ ಪರೀಕ್ಷೆಗೊಳಗಾಗಬಹುದು ಎಂದು ತಿಳಿದ ಶಿಕ್ಷಕರು ಹೆಚ್ಚು ಹೆಚ್ಚು ಉಪನ್ಯಾಸ ಕೊಡತೊಡಗುತ್ತಾರೆ. ನಿರರ್ಗಳ ಮಾತು ರೆಕಾರ್ಡಿಂಗಿನಲ್ಲಿ ಚೆನ್ನಾಗಿ ಕಾಣುತ್ತದೆ, ಮಕ್ಕಳು ಮೌನವಾಗಿ ಬರೆಯುವ ಏಳು ನಿಮಿಷ ಖಾಲಿ ಸಮಯದಂತೆ ಕಾಣುತ್ತದೆ. ನಾನೇ ಹಿಂದೊಮ್ಮೆ ಅಂಥ ಮೌನವನ್ನು ದೋಷವೆಂದು ವರದಿಯಲ್ಲಿ ಬರೆದಿದ್ದೆ. ಆ ಶಿಕ್ಷಕಿ ಮುಂದಿನ ತಿಂಗಳು ಬರವಣಿಗೆಯನ್ನೇ ಕೈಬಿಟ್ಟಿದ್ದರು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮಲ್ಲಿ ಮಕ್ಕಳು ಕ್ಯಾಮೆರಾ ಹಾಕುವುದೇ ಇಲ್ಲ, ಕೇಳಿದರೆ ಉತ್ತರವೂ ಇಲ್ಲ. ಕಡ್ಡಾಯ ಮಾಡೋಣವೇ?

ಉತ್ತರ: ಬೇಡ. ಕ್ಯಾಮೆರಾದಿಂದ ಮುಖ ಕಾಣುತ್ತದೆ, ಭಾಗವಹಿಸುವಿಕೆ ಬರುವುದಿಲ್ಲ. ಎಲ್ಲರೂ ಉತ್ತರವನ್ನು ಚಾಟಿನಲ್ಲಿ ಟೈಪ್ ಮಾಡಿಟ್ಟುಕೊಂಡು, ಶಿಕ್ಷಕರು ಹೇಳಿದಾಗ ಒಟ್ಟಿಗೆ ಕಳುಹಿಸಲಿ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವುದೂ, ಮೊದಲು ತಪ್ಪುವ ಭಯವೂ ಆಗ ಕಡಿಮೆಯಾಗುತ್ತವೆ.

ಮೂಲ ಪ್ರಶ್ನಿಗರು: ವಾರಕ್ಕೊಂದು ಸಭೆಗೂ ನನಗೆ ಸಮಯ ಸಿಗುವುದು ಕಷ್ಟ.

ಉತ್ತರ: ಹಾಜರಿ ವರದಿಯ ಪರಿಶೀಲನೆಯನ್ನು ಕಚೇರಿ ಸಿಬ್ಬಂದಿಗೆ ವಹಿಸಿ, ಸತತವಾಗಿ ಗೈರಾದ ಮಕ್ಕಳ ಹೆಸರುಗಳು ಮಾತ್ರ ನಿಮಗೆ ಬರಲಿ. ಸಾಧ್ಯವಾದರೆ ನೀವೂ ಒಂದು ತರಗತಿಗೆ ಪಾಠ ಮಾಡಿ, ಮೊದಲ ಸಭೆಗೆ ನಿಮ್ಮ ವಿದ್ಯಾರ್ಥಿಗಳ ಉತ್ತರಗಳನ್ನೇ ತನ್ನಿ.