ಅಪ್‌ಡೇಟ್: ಟೆರೇಸ್ ಬೀಗ ತೆಗೆಸಿದೆವು!

ಜೆಮಿನಿಡ್ ಉಲ್ಕಾಪಾತ ನೋಡಲು ಹಾಸ್ಟೆಲ್ ಟೆರೇಸ್ ಬೀಗ ತೆಗೆಸುವುದು ಹೇಗೆ ಅಂತ ಕೇಳಿದ್ದೆನಲ್ಲ? ಕದ್ದು ಹತ್ತುವ ಐಡಿಯಾ ಕೈಬಿಟ್ಟು, ನೀವು ಹೇಳಿದ ಹಾಗೆ ಎಲ್ಲರೂ ಸಹಿ ಹಾಕಿ ವಾರ್ಡನ್‌ಗೆ ಪತ್ರ ಕೊಟ್ಟೆವು. ಒಪ್ಪಿದ್ದಷ್ಟೇ ಅಲ್ಲ, ಡಿಸೆಂಬರ್ 13ರ ರಾತ್ರಿ ಚಾಪೆ, ಹೊದಿಕೆ ಸಮೇತ ಅವರೇ ಬಂದುಬಿಟ್ಟರು!

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20-30 ನಿಮಿಷ ಬೇಕು. ನನ್ನ ರೂಮ್‌ಮೇಟ್ ಸುಮ್ನೆ ಇರಬೇಕಲ್ಲ, ಮತ್ತೆ ಮತ್ತೆ ಮೊಬೈಲ್ ಬೆಳಗಿಸಿ ಎಲ್ಲರಿಂದ ಬೈಸಿಕೊಂಡ. ಕೊನೆಗೆ ಫೋನ್ ವಾರ್ಡನ್ ಜೇಬು ಸೇರಿತು.

ಜೆಮಿನಿಡ್ ಉಲ್ಕೆಗಳು ಮಿಥುನ ರಾಶಿಯ ಕಡೆಯಿಂದ ಬರುವಂತೆ ಕಾಣುತ್ತವೆ; ನಡುರಾತ್ರಿ ದಾಟಿ ಆ ರಾಶಿ ಮೇಲೇರಿದ ಮೇಲೆ ಉಲ್ಕೆಗಳು ಜಾಸ್ತಿಯಾದವು. ಒಂದಂತೂ ಆಕಾಶದ ಅರ್ಧದವರೆಗೆ ಬೆಳ್ಳನೆ ಗೀಟು ಎಳೆಯಿತು. ಆಗ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಯಾರು ಗೊತ್ತಾ? ವಾರ್ಡನ್!

ಮರುದಿನ ಮೊದಲ ಕ್ಲಾಸ್‌ನಲ್ಲಿ ನಮ್ಮ ಇಡೀ ಬೆಂಚು ತೂಕಡಿಸಿತು. ರೂಮ್‌ಮೇಟ್ ಗೊರಕೆಯನ್ನೂ ಹೊಡೆದ.