ಆಳೆತ್ತರದ ಹಳದಿ ಹೂವಿನ ಗಿಡ ಯಾವುದು?

ಪ್ರಶ್ನೆ: ಆಳೆತ್ತರದ ಗಿಡ, ಹಳದಿ ಹೂ. ಪ್ರತಿ ವರ್ಷ ಒಣಗಿ ಹಳೆಯ ಬೇರಿನಿಂದಲೇ ಚಿಗುರುತ್ತದೆ. ಚಿತ್ರ ಹಾಕಿದ್ದೇನೆ. ಹೆಸರೇನು ಮೇಡಂ?

ಸಸ್ಯತಜ್ಞೆ: ಮೇಲಿನಿಂದ ತೆಗೆದ ಚಿತ್ರದಲ್ಲಿ ಸೂರ್ಯಕಾಂತಿ ಕುಟುಂಬ ಎಂಬುದಷ್ಟೇ ತಿಳಿಯುತ್ತದೆ. ಹೂವನ್ನು ಮಗುಚಿ ಅಡಿಭಾಗ ತೋರಿಸಿ. ಕಾಂಡ, ಬುಡದ ಎಲೆಯೂ ಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮ ಗಿಡದ ಕಾಂಡ ಚೌಕ. ಎದುರುಬದುರಿನ ಎಲೆಗಳು ಬುಡದಲ್ಲಿ ಕೂಡಿಕೊಂಡು ಬಟ್ಟಲಾಗಿವೆ, ಮಳೆನೀರು ನಿಲ್ಲುತ್ತದೆ.

ಸಸ್ಯತಜ್ಞೆ: ಸಿಲ್ಫಿಯಂ ಪರ್ಫೋಲಿಯೇಟಂ. ಹೀಗೆ ನೋಡಿ ಬರೆದರೆ ಚಿತ್ರವೇ ಬೇಡ.

ಮತ್ತೊಬ್ಬರ ಪ್ರಶ್ನೆ: ಮೊಬೈಲಿಗೆ ಬಂದ ಸಂದೇಶದಲ್ಲಿ ನಮ್ಮಲ್ಲಿರುವಂಥ ಗಿಡ ಇನುಲಾ ಎಂಬ ಮೂಲಿಕೆ, ಕೆಮ್ಮಿಗೆ ರಾಮಬಾಣ ಎಂದಿತ್ತು. ಅಮ್ಮ ಎಲೆ ಒಣಗಿಸಿ 3 ವಾರದಿಂದ ಕಷಾಯ ಕುಡಿಯುತ್ತಿದ್ದಾರೆ. ಎಲೆ ಸೀಳುಸೀಳಾಗಿದೆ, ಸಣ್ಣ ಹೂಗಳ ಗೊಂಚಲು ಮೇಲೆ ಚಪ್ಪಟೆಯಾಗಿದೆ. ಅಡಿಭಾಗದ ಚಿತ್ರವೂ ಇದೆ.

ಸಸ್ಯತಜ್ಞೆ: ಕಷಾಯ ಈಗಲೇ ನಿಲ್ಲಿಸಿ. ಇನುಲಾ ಹೆಲೆನಿಯಂ ಎಲೆಗೆ ಸೀಳಿರುವುದಿಲ್ಲ. ಬುಡದ ಎಲೆ ಮೊಳದುದ್ದ, ಅಡಿಯಲ್ಲಿ ಮೆತ್ತನೆಯ ಬೂದು ನವಿರು. ಹೂವಿನ ಕೆಳಗಿನ ಹಸಿರು ಕಿರುಎಲೆಗಳು ಹೆಂಚು ಹೊದಿಸಿದಂತೆ ಹಲವು ಸಾಲು. ನಿಮ್ಮ ಚಿತ್ರದಲ್ಲಿ ಒಂದೇ ಉದ್ದದ ಒಂದೇ ಸಾಲಿದೆ, ತುದಿ ಕಪ್ಪು. ಇದು ರಾಗ್‌ವರ್ಟ್, ಅಂದರೆ ಜೇಕೋಬಿಯಾ ವಲ್ಗ್ಯಾರಿಸ್ ಎಂದೇ ಕಾಣುತ್ತದೆ. ಇದರಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ಸಸ್ಯರಾಸಾಯನಿಕಗಳಿವೆ. ಯಕೃತ್ತು ಅವನ್ನು ಒಡೆಯಹೋಗಿ ತಾನೇ ವಿಷ ಮಾಡಿಕೊಳ್ಳುತ್ತದೆ. ಅದರೊಳಗಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಒಣಗಿಸಿದರೂ ವಿಷ ಹೋಗುವುದಿಲ್ಲ. ಒಣಹುಲ್ಲಿನಲ್ಲಿ ಬೆರೆತ ಈ ಗಿಡ ತಿಂದು ಕುದುರೆ, ದನಗಳು ಸಾಯುವುದು ಹಾಗೆಯೇ. ಹೊಟ್ಟೆ ಉಬ್ಬರ, ಬಲಪಕ್ಕೆಯ ನೋವು, ಹಳದಿ ಕಣ್ಣು ಇರಲಿ, ಇಲ್ಲದಿರಲಿ, ಇಂದೇ ವೈದ್ಯರಲ್ಲಿಗೆ ಹೋಗಿ. ಗಿಡದ ಒಂದು ಟೊಂಗೆಯನ್ನೂ ಒಯ್ಯಿರಿ.

ಸದಸ್ಯ: ಗಿಡಮೂಲಿಕೆ ತಾನೇ? ಸ್ವಲ್ಪ ಕುಡಿದರೆ ಏನಾದೀತು?

ಸಸ್ಯತಜ್ಞೆ: ಮೇಲೆ ಬರೆದಿದ್ದೇನೆ. ಓದಿ.



ಸದಸ್ಯೆ: ಮೊದಲು ಕೇಳಿದವರ ಗಿಡ ಸಾಲಿಡಾಗೊ (ಗೋಲ್ಡನ್‌ರಾಡ್) ಇರಬೇಕು. ಅದು ಹೂಬಿಟ್ಟರೆ ನನಗೆ ಸೀನು ನಿಲ್ಲುವುದಿಲ್ಲ.

ಸದಸ್ಯ: ಅದರ ಪರಾಗ ಅಂಟು, ಭಾರ, ಗಾಳಿಗೆ ಹಾರುವುದಿಲ್ಲ, ಜೇನ್ನೊಣಗಳೇ ಹೊರಬೇಕು. ಅದೇ ಕಾಲಕ್ಕೆ ಯಾರ ಕಣ್ಣಿಗೂ ಬೀಳದ ಹಸಿರು ಹೂ ಬಿಡುವ ಆಂಬ್ರೋಸಿಯಾ ಎಂಬ ಕಳೆಗಿಡ ಸೀನು ತರಿಸುತ್ತದೆ.

ಸದಸ್ಯೆ: ನನ್ನ ಮೂಗು ನನಗೆ ಗೊತ್ತು.

ಸದಸ್ಯ: ಮೂಗು ಗೊತ್ತು, ಗಿಡ ಗೊತ್ತಿಲ್ಲ.

ಸದಸ್ಯೆ: ನಿಮ್ಮನ್ನು ಕೇಳಿದವರು ಯಾರು?

ಇನ್ನೊಬ್ಬ ಸದಸ್ಯ: ಇನುಲಾ ಕಷಾಯದ ಸಂದೇಶ ಸಿಗದವರಿಗಾಗಿ ಮತ್ತೆ ಹಾಕಿದ್ದೇನೆ.

ಸಸ್ಯತಜ್ಞೆ: ಅಳಿಸಿ. ಒಬ್ಬ ತಾಯಿ ಅದನ್ನು ನಂಬಿ ಕುಡಿದಿದ್ದಾರೆ, ಕಾಣಲಿಲ್ಲವೇ?

ಕಷಾಯದ ಪ್ರಶ್ನೆ ಕೇಳಿದವರು: ಆಸ್ಪತ್ರೆಗೆ ಹೊರಟಿದ್ದೇವೆ. ಉಳಿದ ಎಲೆಪುಡಿಯನ್ನೂ ಒಯ್ಯಲೇ?

ಸಸ್ಯತಜ್ಞೆ: ಒಯ್ಯಿರಿ. ದಿನಕ್ಕೆ ಎಷ್ಟು ಚಮಚ ಹಾಕುತ್ತಿದ್ದರೆಂದು ಅಮ್ಮನನ್ನು ದಾರಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಮೊದಲು ಕೇಳಿದವರು: ಮೇಡಂ, ನನ್ನ ಗಿಡ? ಹೊಸ ಚಿತ್ರ ಹಾಕಿದ್ದೇನೆ.

ಸಸ್ಯತಜ್ಞೆ: ಇದೂ ಮೇಲಿನಿಂದಲೇ ತೆಗೆದದ್ದು.