ಸ್ಕ್ಯಾನಿನ್ಯಾಗ ಅಕಸ್ಮಾತ್ ಸಿಕ್ಕ ಮೆದುಳಿನ ಗಡ್ಡೆ: ಆಪರೇಷನ್ ಬೇಕೇನ್ರಿ?

ಪ್ರಶ್ನೆ (ಹುಬ್ಬಳ್ಳಿ)
ಅವ್ವಗ 64 ವರ್ಷ. ಜಾರಿ ಬಿದ್ದಾಗ ತೆಗೆಸಿದ ಸಿಟಿ ಸ್ಕ್ಯಾನಿನೊಳಗ ಮೆದುಳಿನ ಹೊದಿಕೆಗೆ ಅಂಟಿದ 14 ಮಿ.ಮೀ. ಮೆನಿಂಜಿಯೋಮಾ ಅಂತ ಬಂದೈತಿ. ಫಿಟ್ಸ್ ಇಲ್ಲ, ಕೈಕಾಲು ಸರಿ ಅದಾವ. ಮುಂದ ಏನ್ ಮಾಡಬೇಕ್ರಿ?

ಉತ್ತರ (ಧಾರವಾಡ)
ಅವಸರ ಬ್ಯಾಡ್ರಿ. ಮೊದಲ ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲಿ ಅಂತ ನರಕ್ಕೆ ಕೊಡೋ ಔಷಧ) ಹಾಕಿ ಎಂಆರ್‌ಐ ಮಾಡಸ್ರಿ. ಅದಕ್ಕ ಮುಂಚೆ ಕಿಡ್ನಿ ಸರಿ ಅದಾವೇನು ಅಂತ ರಕ್ತದಾಗ ಕ್ರಿಯಾಟಿನಿನ್ ನೋಡ್ತಾರ. ತ್ರಾಸಿಲ್ಲದ ಸಣ್ಣ ಗಡ್ಡೆಗೆ ಸಾಮಾನ್ಯವಾಗಿ ಕಾದು ನೋಡೋದ ರೂಢಿ: 6 ತಿಂಗಳಿಗೆ ಮತ್ತೊಂದು ಎಂಆರ್‌ಐ, ಆಮ್ಯಾಲೆ ವರ್ಷಕ್ಕೊಂದು, 5 ವರ್ಷ ಬೆಳೀಲಿಲ್ಲಂದ್ರ 2 ವರ್ಷಕ್ಕೊಂದು. ರಿಪೋರ್ಟಿನ್ಯಾಗ ‘ಕ್ಯಾಲ್ಸಿಫಿಕೇಶನ್’, ಅಂದ್ರ ಗಡ್ಡೆಯೊಳಗ ಸುಣ್ಣದಂಶ ಕೂತೈತಿ ಅಂತಿದ್ರ ಛಲೋ, ಅಂಥವು ನಿಧಾನ ಬೆಳೀತಾವ. ‘ಎಡಿಮಾ’, ಅಂದ್ರ ಸುತ್ತ ಬಾವು ಅಂತಿದ್ರ, ನ್ಯೂರೋಸರ್ಜನ್ನರ ಕಡೆ ಲಗೂನ ಹೋಗ್ರಿ.

ಉತ್ತರ (ಗದಗ)
ಜನ ಎಡವೋದು ಇಲ್ಲೇ: ರಿಪೋರ್ಟಿನ ಹಾಳಿ ಇಟ್ಕೊಂಡು ಸ್ಕ್ಯಾನಿನ ಚಿತ್ರ ಇರೋ ಸಿಡಿ ಕಳೀತಾರ. ಒಂದು ಕಡೆ 14, ಇನ್ನೊಂದು ಕಡೆ 16 ಅಂದಕೂಡ್ಲೆ ಬೆಳದೈತಿ ಅಂತಲ್ಲ. ಸ್ಲೈಸಿನ (ಸ್ಕ್ಯಾನಿನ ಒಂದೊಂದು ಪದರದ) ದಪ್ಪ, ಅಳೆದ ಕೋನ ಬ್ಯಾರೆ ಇದ್ರೂ ಅಷ್ಟು ಫರಕ ಬರ್ತೈತಿ. ಆದಷ್ಟು ಅದೇ ಸೆಂಟರಿನ್ಯಾಗ ಮಾಡಸ್ರಿ. ಹಳೇ ಸಿಡಿಗಳನ್ನೆಲ್ಲ ರೇಡಿಯಾಲಜಿಸ್ಟರ ಕೈಗೆ ಕೊಟ್ಟು, ಮೊಟ್ಟಮೊದಲಿನ ಎಂಆರ್‌ಐಗೂ ಹೋಲಿಸ್ರಿ ಅಂತ ಹೇಳ್ರಿ. ಹೋದ ವರ್ಷದ್ದಕ್ಕಷ್ಟ ಹೋಲಿಸಿದ್ರ, ವರ್ಷಕ್ಕ 1 ಮಿ.ಮೀ. ಬೆಳೆಯೋದು ಕಣ್ತಪ್ಪತೈತಿ.

ಉತ್ತರ (ಹಾವೇರಿ)
ಫಿಟ್ಸ್ ಬಂದೇ ಇಲ್ಲಂದ್ರ ಮುಂಜಾಗ್ರತೆಗಂತ ಫಿಟ್ಸಿನ ಗುಳಿಗಿ ಸಾಮಾನ್ಯವಾಗಿ ಬೇಕಾಗೂದಿಲ್ರಿ. ಹಾರ್ಮೋನ್ ಗುಳಿಗಿ, ಇಂಜೆಕ್ಷನ್ ತಗೊಂಡಿದ್ರ ಡಾಕ್ಟರಿಗೆ ಹೇಳ್ರಿ. ಕೆಲವು ಪ್ರೊಜೆಸ್ಟಿನ್‌ಗಳಿಗೂ (ಪ್ರೊಜೆಸ್ಟರಾನ್ ಹಾರ್ಮೋನಿನಂಥ ಔಷಧ) ಈ ಗಡ್ಡೆಗೂ ನಂಟೈತಿ. ಗಡ್ಡೆ ಕಣ್ಣಿನ ನರದ ಹತ್ರ ಇದ್ರ ದೃಷ್ಟಿಕ್ಷೇತ್ರದ (ಸುತ್ತ ಎಷ್ಟು ಕಾಣತೈತಿ ಅನ್ನೋ) ಪರೀಕ್ಷೆನೂ ಆಗಬೇಕು. ಫಿಟ್ಸ್ ಬಂದ್ರ, ಒಂದು ಮಗ್ಗಲ ಕೈಕಾಲು ಸೋತ್ರ ಮುಂದಿನ ಸ್ಕ್ಯಾನಿನ ತಾರೀಖು ಕಾಯಬ್ಯಾಡ್ರಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಹೋಗ್ರಿ.